ಟೆಸ್ಟರ್ ಎರಡೂ ತೂತಿನಲ್ಲಿ ಉರಿಯುತ್ತೆ, ಚಾರ್ಜರ್ ಮಾತ್ರ ಕೆಲಸ ಮಾಡಲ್ಲ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿಮನೆ. ವೈರಿಂಗ್ ಮಾಡಿಸಿ 16 ವರ್ಷ ಆಯ್ತು. ಮಳೆ ಹಿಡಿದ ಮೇಲೆ ಒಂದು ದಿನ ಬೆಳಿಗ್ಗೆ ಊಟದ ಕೋಣೆಯಲ್ಲಿ ಒಂದು, ಮಲಗುವ ಕೋಣೆಗಳಲ್ಲಿ ಮೂರು, ಹೀಗೆ ನಾಲ್ಕು ಪ್ಲಗ್ ಪಾಯಿಂಟ್ ಒಟ್ಟಿಗೆ ನಿಂತುಹೋದವು. ಲೈಟು, ಫ್ಯಾನು ಎಲ್ಲಾ ಸರಿ ಇವೆ. ಕರೆಂಟು ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್ಚು ಇದೆಯಲ್ಲ, ಎಂಸಿಬಿ, ಅದು ಬಿದ್ದಿಲ್ಲ. ಟೆಸ್ಟರ್ ಇಟ್ಟರೆ ಸಾಕೆಟ್ಟಿನ ಎರಡೂ ತೂತಿನಲ್ಲಿ ಉರಿಯುತ್ತದೆ, ಆದರೆ ಮೊಬೈಲ್ ಕೂಡ ಚಾರ್ಜ್ ಆಗಲ್ಲ. ಬಂದು ನೋಡಿದ ಎಲೆಕ್ಟ್ರಿಷಿಯನ್, "ನ್ಯೂಟ್ರಲ್ ಕಟ್ ಆಗಿದೆ, ಗೋಡೆ ಒಡೀಬೇಕು, ಸದ್ಯಕ್ಕೆ ಅರ್ಥ್‌ನಿಂದ ನ್ಯೂಟ್ರಲ್ ಕೊಡ್ತೀನಿ" ಅಂದರು. ಕೊಡಿಸಬಹುದಾ?

ಉತ್ತರ: ಬೇಡ. ಒಂದು ರಾತ್ರಿಯ ಮಟ್ಟಿಗೂ ಬೇಡ. ಬಂದವರು ಕಾಯಿಲೆ ಸರಿಯಾಗಿಯೇ ಹೇಳಿದ್ದಾರೆ, ಮದ್ದು ತಪ್ಪು ಹೇಳಿದ್ದಾರೆ. ಗೋಡೆ ಒಡೆಯುವ ಮಾತಂತೂ ಈಗಲೇ ಎತ್ತಬೇಡಿ. ನೀವು ಬರೆದ ಲಕ್ಷಣ ನೋಡಿದರೆ ನಿಮ್ಮ ಮನೆಯ ಯಾವುದೋ ಒಂದು ಬೋರ್ಡಿನ ಹಿಂದೆ ಒಂದು ಸ್ಕ್ರೂ ಸಡಿಲ ಆಗಿದೆ, ಇಲ್ಲವೇ ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ ಹೋಗುವ ಕಪ್ಪು ವೈರು, ಸುಟ್ಟು ಕಳಚಿಕೊಂಡಿದೆ. ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದವನು ನಾನು, "ಟೆಸ್ಟರ್ ಎರಡೂ ಕಡೆ ಉರಿಯುತ್ತೆ" ಅಂತ ಫೋನಿನಲ್ಲಿ ಹೇಳಿದರೆ ಸಾಕು, ಮೀಟರ್‌ಗಿಂತ ಮೊದಲು ಸ್ಕ್ರೂ ಡ್ರೈವರ್ ಜೇಬಿಗೆ ಹಾಕಿಕೊಳ್ಳುತ್ತೇನೆ.

ಎರಡೂ ತೂತಿನಲ್ಲಿ ಯಾಕೆ ಉರಿಯುತ್ತದೆ? ನಿಮ್ಮ ಕಡೆಯ ಅಡಿಕೆ ತೋಟವನ್ನೇ ನೆನಪಿಸಿಕೊಳ್ಳಿ. ನೀರು ಒಳಗೆ ಬರುವ ದಾರಿ ಇದೆ, ಆದರೆ ಬಸಿಗಾಲುವೆ ಕಟ್ಟಿಕೊಂಡಿದೆ. ಆಗ ಏನಾಗುತ್ತೆ? ಇಡೀ ತೋಟದಲ್ಲಿ ನೀರು ನಿಲ್ಲುತ್ತದೆ, ಹರಿಯುವುದಿಲ್ಲ. ಇಲ್ಲೂ ಅದೇ ಕಥೆ. ಫೇಸ್ ವೈರಿನಲ್ಲಿ ಬಂದ ಕರೆಂಟು ಚಾರ್ಜರೋ ಬೆಡ್ ಲ್ಯಾಂಪೋ ಯಾವುದೋ ಒಂದರ ಒಳಗಿಂದ ಹಾದು ನ್ಯೂಟ್ರಲ್ ವೈರಿಗೆ ಬರುತ್ತದೆ. ಆ ವೈರು ಮುಂದೆ ಎಲ್ಲೋ ಕಡಿದಿರುವುದರಿಂದ ಅಲ್ಲೇ ನಿಲ್ಲುತ್ತದೆ. ಹಾಗಾಗಿ ನ್ಯೂಟ್ರಲ್ ತೂತಿನಲ್ಲೂ ಟೆಸ್ಟರ್ ಉರಿಯುತ್ತದೆ. ಟೆಸ್ಟರ್ ಒಳಗಿರುವುದು ಒಂದು ಪುಟ್ಟ ನಿಯಾನ್ ಬಲ್ಬು ಮತ್ತು ಒಂದು ದೊಡ್ಡ ರೆಸಿಸ್ಟರ್. ಅದಕ್ಕೆ ವೋಲ್ಟೇಜ್ ಇದೆಯಾ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಕರೆಂಟು ವಾಪಸ್ ಹೋಗಲು ದಾರಿ ಇದೆಯಾ ಅನ್ನುವುದು ಆ ಬಡಪಾಯಿಗೆ ಗೊತ್ತೇ ಆಗಲ್ಲ. "ಟೆಸ್ಟರ್ ಉರೀತಿದೆ, ಕರೆಂಟು ಬರ್ತಿದೆ, ಚಾರ್ಜರೇ ಹಾಳಾಗಿದೆ" ಅಂತ ಹೊಸ ಚಾರ್ಜರ್ ತಂದವರನ್ನು ಎಷ್ಟು ಜನರನ್ನು ನೋಡಿದ್ದೇನೋ.

ಇದು ನಿಜವಾಗಿ ನ್ಯೂಟ್ರಲ್ ತೊಂದರೆಯೇನಾ ಅಂತ ಯಾವ ಬೋರ್ಡೂ ಬಿಚ್ಚದೆ ನೀವೇ ನೋಡಬಹುದು. ಸತ್ತಿರುವ ನಾಲ್ಕೂ ಪಾಯಿಂಟಿನಿಂದ ಎಲ್ಲಾ ಪ್ಲಗ್ಗು ಕಿತ್ತುಬಿಡಿ. ಚಾರ್ಜರ್, ಸೊಳ್ಳೆ ಬತ್ತಿಯ ಮೆಷಿನ್, ಎಕ್ಸ್‌ಟೆನ್ಷನ್ ಬಾಕ್ಸು, ಮಂಚದ ಹಿಂದೆ ಯಾವಾಗಲೋ ಸಿಕ್ಕಿಸಿ ಮರೆತಿದ್ದು, ಎಲ್ಲವೂ. ಈಗ ಟೆಸ್ಟರ್ ಇಡಿ. ಸಾಕೆಟ್ಟಿಗೆ ಮುಖ ಮಾಡಿ ನಿಂತಾಗ, ಮೇಲಿನ ದಪ್ಪ ತೂತು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಆಗಿರಬೇಕು. ಬಲಗಡೆ ಉರಿಯುತ್ತಿದ್ದು ಎಡಗಡೆ ಆರಿಹೋದರೆ ನಿಮ್ಮ ಅನುಮಾನ ಸರಿ. ಇನ್ನೊಂದು ಕೋಣೆಯ ಸತ್ತ ಪಾಯಿಂಟಿಗೆ ಚಾರ್ಜರ್ ಸಿಕ್ಕಿಸಿ ಸ್ವಿಚ್ ಹಾಕಲು ಮನೆಯವರಿಗೆ ಹೇಳಿ. ನಿಮ್ಮ ಎಡಗಡೆ ತೂತು ಮತ್ತೆ ಉರಿದರೆ ಆ ಎರಡೂ ಪಾಯಿಂಟು ಒಂದೇ ಕಡಿದ ನ್ಯೂಟ್ರಲ್ ಮೇಲೆ ಇವೆ ಅಂತ ಖಾತ್ರಿ ಆಯ್ತು. ನಾಲ್ಕಕ್ಕೂ ಹೀಗೆ ಮಾಡಿ ನೋಡಿ.

ಇಲ್ಲೇ ಒಂದು ಅಪಾಯದ ಮಾತು ಹೇಳಿಬಿಡುತ್ತೇನೆ. ಸ್ವಿಚ್ಚು ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಕಡಿದಾಗ ಈ ಕೋಣೆಯ ಸ್ವಿಚ್ ಆಫ್ ಇದ್ದರೂ ಪಕ್ಕದ ಕೋಣೆಯ ಚಾರ್ಜರ್ ಮೂಲಕ ಎಡಗಡೆ ತೂತಿಗೆ ವೋಲ್ಟೇಜ್ ಬಂದು ಕೂತಿರುತ್ತದೆ. "ಸ್ವಿಚ್ ಆಫ್ ಮಾಡಿದ್ದೆ, ಆದರೂ ಶಾಕ್ ಹೊಡೀತು" ಅನ್ನುವ ಕಥೆಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಸರಿಯಾಗುವವರೆಗೆ ಆ ಪಾಯಿಂಟುಗಳ ಎಂಸಿಬಿ ಇಳಿಸಿಯೇ ಇಡಿ. ಮನೆಯಲ್ಲಿ ಮಕ್ಕಳಿದ್ದರಂತೂ ಕಡ್ಡಾಯ.

ಈಗ ಜಾಗ ಹುಡುಕುವ ಕೆಲಸ. ಒಂದು ಕಾಗದದಲ್ಲಿ ಮನೆಯ ನಕ್ಷೆ ಗೀಚಿ. ಡಿಬಿ, ಅಂದರೆ ಎಂಸಿಬಿಗಳೆಲ್ಲಾ ಇರುವ ಪೆಟ್ಟಿಗೆ, ಎಲ್ಲಿದೆ, ಪ್ಲಗ್ ಪಾಯಿಂಟು ಎಲ್ಲೆಲ್ಲಿ ಇವೆ ಅಂತ ಗುರುತು ಹಾಕಿ. ಸತ್ತಿರುವುದಕ್ಕೆ ಅಡ್ಡ ಗೆರೆ, ಬದುಕಿರುವುದಕ್ಕೆ ಸುತ್ತು. ಆಮೇಲೆ ಆ ಪಾಯಿಂಟುಗಳ ಎಂಸಿಬಿ ಒಂದನ್ನೇ ಇಳಿಸಿ, ಸತ್ತ ನಾಲ್ಕರ ಜೊತೆ ಬೇರೆ ಯಾವ ಪಾಯಿಂಟು ಕೆಲಸ ನಿಲ್ಲಿಸಿತು ನೋಡಿ. ಹಾಗೆ ಹೊಸದಾಗಿ ನಿಂತದ್ದು ಇದೆಯಲ್ಲ, ಹಾಲಿನ ಟಿವಿ ಪಾಯಿಂಟೋ ಅಡುಗೆಮನೆಯ ಮಿಕ್ಸಿ ಪಾಯಿಂಟೋ, ಅದೇ ನಿಮಗೆ ದಾರಿ ತೋರಿಸುವುದು. ನಮ್ಮ ಮನೆಗಳಲ್ಲಿ ಪ್ರತಿ ಪಾಯಿಂಟಿಗೂ ಡಿಬಿಯಿಂದ ಬೇರೆ ವೈರು ಎಳೆದಿರುವುದಿಲ್ಲ. ಒಂದು ಬೋರ್ಡಿಗೆ ಬಂದ ಫೇಸ್, ನ್ಯೂಟ್ರಲ್, ಅರ್ಥ್ ಅಲ್ಲಿಂದ ಲೂಪ್ ಆಗಿ ಮುಂದಿನ ಬೋರ್ಡಿಗೆ, ಅಲ್ಲಿಂದ ಅದರ ಮುಂದಿನದಕ್ಕೆ ಹೋಗಿರುತ್ತವೆ. ಹಾಗಾದರೆ ಕಡಿದಿರುವುದು ಎಲ್ಲಿ? ಕೊನೆಯ ಬದುಕಿದ ಪಾಯಿಂಟಿಗೂ ಮೊದಲ ಸತ್ತ ಪಾಯಿಂಟಿಗೂ ನಡುವೆ. ಅಂದರೆ ಬಿಚ್ಚಿ ನೋಡಬೇಕಾದ್ದು ಎರಡೇ ಡಬ್ಬ. ಅದರಲ್ಲೂ ಮೊದಲು ಬಿಚ್ಚಬೇಕಾದ್ದು ಸತ್ತದ್ದನ್ನಲ್ಲ, ಬದುಕಿರುವುದನ್ನು. ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಶುರುವಿನ ದಿನಗಳಲ್ಲಿ ಒಂದು ಮನೆಯಲ್ಲಿ ಮೂರು ಹೊಸ ಸಾಕೆಟ್ ಹಾಕಿ, ಆದರೂ ಆಗದೆ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದೆ. ಮನೆಯ ಅಜ್ಜಿ ಕಾಫಿ ಕೊಡುತ್ತಾ, "ಈ ಟಿವಿ ಸ್ವಿಚ್ಚು ಒತ್ತಿದಾಗ ಒಂದೊಂದ್ಸಲ ಚಟಚಟ ಅನ್ನುತ್ತಪ್ಪ" ಅಂದರು. ಟಿವಿ ಚೆನ್ನಾಗಿಯೇ ನಡೆಯುತ್ತಿತ್ತು. ಅದರ ಬೋರ್ಡು ಬಿಚ್ಚಿದರೆ ಮುಂದಿನ ಕೋಣೆಗೆ ಹೋಗುವ ಕಪ್ಪು ವೈರು ಕೈಗೇ ಬಂತು.

ಬೋರ್ಡು ಬಿಚ್ಚುವ ಕೆಲಸ ನಿಮಗೆ ರೂಢಿ ಇಲ್ಲದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ, ಆ ಕಾಗದ ಮಾತ್ರ ಅವರ ಕೈಗೆ ಕೊಡಿ. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳಿಯುತ್ತದೆ. ಯಾರೇ ಬಿಚ್ಚಲಿ, ಮೊದಲು ಮೇನ್ ಆಫ್ ಮಾಡಬೇಕು. ಒಂದೇ ಎಂಸಿಬಿ ಇಳಿಸಿ ಕೈ ಹಾಕುವುದು ಬೇಡ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಲೇಬೇಕು. ಮೇನ್ ಇಳಿಸಿದ ತಕ್ಷಣ ಯುಪಿಎಸ್, "ಕರೆಂಟು ಹೋಯ್ತು" ಅಂದುಕೊಂಡು ಬ್ಯಾಟರಿಯಿಂದ 230 ವೋಲ್ಟ್ ಮಾಡಿ ಕಳಿಸಲು ಶುರು ಮಾಡುತ್ತದೆ, ಮತ್ತು ಒಂದೇ ಬೋರ್ಡಿನಲ್ಲಿ ಮೇನ್ ಲೈನಿನ ವೈರೂ ಯುಪಿಎಸ್ ಲೈನಿನ ವೈರೂ ಅಕ್ಕಪಕ್ಕ ಕೂತಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆಮೇಲೆ ಟೆಸ್ಟರನ್ನು ಪೂರ್ತಿ ನಂಬಬೇಡಿ. ಮೇನ್ ಇಳಿಸುವ ಮೊದಲು ಬದುಕಿರುವ ಪಾಯಿಂಟಿನಲ್ಲಿ ಅದು ಉರಿಯುತ್ತದೆಯಾ ನೋಡಿಕೊಳ್ಳಿ. ಇಳಿಸಿದ ಮೇಲೆ ಬಿಚ್ಚುವ ಬೋರ್ಡಿನ ಪ್ರತಿ ವೈರಿಗೂ ಇಟ್ಟು ನೋಡಿ. ಒಣ ಚಪ್ಪಲಿ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿ ಮೇಲೆ ನಿಂತರೆ ಕರೆಂಟು ಇದ್ದರೂ ಟೆಸ್ಟರ್ ಮಂಕಾಗಿ ಉರಿದು ಮೋಸ ಮಾಡಬಹುದು, ಹಾಗಾಗಿ ಮಲ್ಟಿಮೀಟರ್ ಇದ್ದರೆ ಅದೇ ಒಳ್ಳೆಯದು.

ಮುಚ್ಚಳ ತೆಗೆದು, ಪ್ಲೇಟಿನ ಸ್ಕ್ರೂ ಬಿಚ್ಚಿ ಮುಂದಕ್ಕೆ ಎಳೆದಾಗ ಮೊದಲು ಮೂಗಿಗೆ ಕೆಲಸ. ಒಣಮೀನು ಸುಟ್ಟ ಹಾಗೆ ಒಂದು ವಾಸನೆ ಬಂದರೆ ಸರಿಯಾದ ಡಬ್ಬಕ್ಕೇ ಕೈ ಹಾಕಿದ್ದೀರಿ. ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಅದು. ಸಾಕೆಟ್ಟಿನ ಹಿಂದೆ ನ್ಯೂಟ್ರಲ್ ಟರ್ಮಿನಲ್ ನೋಡಿ. ಅಲ್ಲಿ ಎರಡು ಕಪ್ಪು ವೈರು ಒಂದೇ ಸ್ಕ್ರೂ ಕೆಳಗೆ ಇರಬೇಕು, ಒಂದು ಬಂದದ್ದು, ಒಂದು ಮುಂದೆ ಹೋಗುವುದು. ಅದರಲ್ಲಿ ಒಂದರ ತುದಿ ಕಂದು ಬಣ್ಣಕ್ಕೆ ತಿರುಗಿ, ಮೇಲಿನ ಹೊದಿಕೆ ಗಟ್ಟಿಯಾಗಿ ಹಪ್ಪಳದ ಹಾಗೆ ಮುರಿಯುತ್ತಿರುತ್ತದೆ. ಎಳೆ ತಂತಿಗಳಲ್ಲಿ ಅರ್ಧ ತುಂಡಾಗಿ, ಉಳಿದವು ಕಪ್ಪಾಗಿ ಸ್ಕ್ರೂ ಪಕ್ಕದಲ್ಲಿ ಸುಮ್ನೆ ಒರಗಿಕೊಂಡಿರುತ್ತವೆ. ಕೆಲವು ಕಡೆ ಟರ್ಮಿನಲ್ಲಿಗೇ ತಂದಿರುವುದಿಲ್ಲ, ಎರಡು ವೈರನ್ನು ಕೈಯಲ್ಲಿ ತಿರುಚಿ ಮೇಲೆ ಇನ್ಸುಲೇಷನ್ ಟೇಪು ಸುತ್ತಿ ಒಳಗೆ ತುರುಕಿರುತ್ತಾರೆ. 16 ವರ್ಷದಲ್ಲಿ ಟೇಪಿನ ಅಂಟು ಕರಗಿ, ಜಾಯಿಂಟು ಬಿಚ್ಚಿಕೊಂಡಿರುತ್ತದೆ.

ಮಳೆಗೂ ಇದಕ್ಕೂ ಸಂಬಂಧ ಇದೆಯಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಸ್ವಲ್ಪ ಇದೆ. ಥಂಡಿಗೆ ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ, ಜಾಯಿಂಟು ಹಾಳಾಗುತ್ತದೆ. ಆದರೆ ನನ್ನ ಅನುಮಾನ ಇಸ್ತ್ರಿ ಪೆಟ್ಟಿಗೆಯ ಮೇಲೆ. ಮಲೆನಾಡಿನಲ್ಲಿ ಮಳೆಗಾಲ ಅಂದರೆ ಒಣಗದ ಬಟ್ಟೆಗೆಲ್ಲಾ ಇಸ್ತ್ರಿ ಹೊಡೆದು ಒಣಗಿಸುವ ಕಾಲ, ಅಲ್ವಾ? 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ನಾಲ್ಕೂಕಾಲು ಆಂಪಿಯರ್ ಚಿಲ್ಲರೆ ಎಳೆಯುತ್ತದೆ. 6 ಆಂಪಿಯರ್ ಪಾಯಿಂಟಿಗೆ ಅದು ಜಾಸ್ತಿ ಏನಲ್ಲ. ಆದರೆ ಸಡಿಲ ಸ್ಕ್ರೂಗೆ ಜಾಸ್ತಿ. ಕಾಂಟ್ಯಾಕ್ಟು ಸರಿ ಇಲ್ಲದ ಜಾಗ ಬಿಸಿಯಾಗುತ್ತದೆ, ಬಿಸಿಗೆ ತಾಮ್ರ ಹಿಗ್ಗುತ್ತದೆ, ಆರಿಸಿದಾಗ ಕುಗ್ಗುತ್ತದೆ, ಪ್ರತಿ ಸಲವೂ ಸ್ಕ್ರೂ ಇನ್ನಷ್ಟು ಸಡಿಲ, ಇನ್ನಷ್ಟು ಬಿಸಿ. ಒಂದು ದಿನ ಬೆಳಿಗ್ಗೆ ಕಡಿದುಹೋಗುತ್ತದೆ. ಎಂಸಿಬಿ ಯಾಕೆ ಬೀಳಲಿಲ್ಲ ಅಂದರೆ, ಅದು ನೋಡುವುದು ಕರೆಂಟು ಜಾಸ್ತಿ ಹರಿಯಿತಾ ಅಂತ. ಸಡಿಲ ಜಾಯಿಂಟಿನಲ್ಲಿ ಕರೆಂಟು ಜಾಸ್ತಿ ಹರಿಯುವುದೇ ಇಲ್ಲ.

ರಿಪೇರಿ ಸಣ್ಣದು. ಸುಟ್ಟ ತುದಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸದಾಗಿ ಹೊದಿಕೆ ಸುಲಿದು, ಎರಡೂ ವೈರಿನ ಎಳೆಗಳನ್ನು ಒಟ್ಟಿಗೆ ಬಿಗಿಯಾಗಿ ಹೊಸೆದು ಟರ್ಮಿನಲ್ಲಿಗೆ ಹಾಕಿ ಸ್ಕ್ರೂ ಬಿಗಿ ಮಾಡುವುದು. ಆಮೇಲೆ ಪ್ರತಿ ವೈರನ್ನೂ ಹಿಡಿದು ಎಳೆದು ನೋಡಬೇಕು. ಬರಬಾರದು. ಈ ಎಳೆದು ನೋಡುವ ಕೆಲಸವನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಇದೇ ದೂರು ಆರು ತಿಂಗಳಿಗೆ ಮತ್ತೆ ಬರುತ್ತದೆ. ವೈರು ಗಿಡ್ಡ ಆದರೆ ಎಳೆದು ತುಂಬಬೇಡಿ, ಒಂದು ತುಂಡು ಸೇರಿಸಿ ಒಳ್ಳೆಯ ಕನೆಕ್ಟರ್ ಹಾಕಿಸಿ. ಸಾಕೆಟ್ಟಿನ ಟರ್ಮಿನಲ್ಲೇ ಕರಗಿದ್ದರೆ ಸಾಕೆಟ್ ಬದಲಾಯಿಸಬೇಕು, ಐಎಸ್‌ಐ ಗುರುತು ಇರುವುದನ್ನೇ ತೆಗೆದುಕೊಳ್ಳಿ. ಡಿಬಿಯಲ್ಲಿ ನ್ಯೂಟ್ರಲ್ ವೈರುಗಳೆಲ್ಲಾ ಸೇರುವ ಹಿತ್ತಾಳೆ ಪಟ್ಟಿ ಇರುತ್ತದೆ, ಅದರ ಸ್ಕ್ರೂಗಳನ್ನೂ ಅದೇ ದಿನ ಬಿಗಿ ಮಾಡಿಸಿ.

ಈಗ ಆ ಅರ್ಥ್ ವಿಷಯ. ಅರ್ಥ್ ವೈರು ಇರುವುದು ಕರೆಂಟು ಸೋರಿದಾಗ ಮಾತ್ರ ಕೆಲಸ ಮಾಡಲಿಕ್ಕೆ. ದಿನನಿತ್ಯದ ಕರೆಂಟನ್ನು ಅದರಲ್ಲಿ ವಾಪಸ್ ಕಳಿಸಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕೋಣ. ನಿಮ್ಮ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದೆ ಅಂದುಕೊಳ್ಳಿ. ನೀರು ಹಾಕದೆ ಬಿಟ್ಟ ಹಳೆಯ ಗುಂಡಿಗೆ ಬೇಸಿಗೆಯಲ್ಲಿ ಅದು ದೊಡ್ಡ ಮಾತಲ್ಲ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಮೂರು ಆಂಪಿಯರ್ ಚಿಲ್ಲರೆ ಹರಿದು, ಅರ್ಥ್ ವೈರಿನ ಮೇಲೆ ಸುಮಾರು 60 ವೋಲ್ಟ್ ನಿಲ್ಲುತ್ತದೆ. ಅದೇ ಅರ್ಥ್ ವೈರು ಫ್ರಿಜ್ಜಿನ ಮೈಗೆ, ವಾಷಿಂಗ್ ಮೆಷಿನ್ನಿಗೆ, ಬಚ್ಚಲಮನೆಯ ಗೀಸರಿಗೆ ಹೋಗಿದೆ. ಅಂದರೆ ನೀವು ಇಲ್ಲಿ ಇಸ್ತ್ರಿ ಮಾಡುತ್ತಿದ್ದರೆ ಅಲ್ಲಿ ಒದ್ದೆ ಕಾಲಲ್ಲಿ ನಿಂತವರು 60 ವೋಲ್ಟ್ ಮುಟ್ಟುತ್ತಾರೆ. ಗುಂಡಿಗೆ ಹೋಗುವ ತಂತಿ ತುಕ್ಕು ಹಿಡಿದು ಕಡಿದುಹೋದರೆ 60 ಅಲ್ಲ, ಪೂರ್ತಿ 230.

ಒಂದು ಬಾಡಿಗೆ ಮನೆಯಲ್ಲಿ ಸಂಜೆ ಹೊತ್ತು ಮಾತ್ರ ಬಚ್ಚಲಮನೆಯ ನಲ್ಲಿ ಮುಟ್ಟಿದರೆ ಚುರುಕ್ ಅನ್ನುತ್ತಿತ್ತು. ಗೀಸರ್ ಬದಲಾಯಿಸಿದ್ದರು, ಪ್ಲಂಬರ್ ಬಂದು ಹೋಗಿದ್ದ, ಯಾರೋ ಬೇರೆ ಥರದ ಕಾರಣವನ್ನೂ ಹೇಳಿದ್ದರು. ನೋಡಿದರೆ ಪಕ್ಕದ ಪೋರ್ಷನ್ನಿನಲ್ಲಿ ಹೀಗೇ "ಸದ್ಯಕ್ಕೆ" ಅಂತ ಅರ್ಥ್‌ನಿಂದ ನ್ಯೂಟ್ರಲ್ ಕೊಟ್ಟಿದ್ದರು, ಅದಾಗಿ ಎರಡು ವರ್ಷ ಆಗಿತ್ತು. ಅವರು ಆಫೀಸಿನಿಂದ ಬಂದು ಟಿವಿ ಹಾಕಿದಾಗ ಇವರ ನಲ್ಲಿಗೆ ಜೀವ ಬರುತ್ತಿತ್ತು.

ನಿಮ್ಮ ಡಿಬಿಯಲ್ಲಿ ಆರ್‌ಸಿಸಿಬಿ ಇದ್ದರೆ ಈ ಉಪಾಯ ನಡೆಯುವುದೂ ಇಲ್ಲ. ಟೆಸ್ಟ್ ಅಂತ ಬರೆದ ಸಣ್ಣ ಗುಂಡಿ ಇರುವ ಅಗಲವಾದ ಸ್ವಿಚ್ಚು ಅದು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಸದಾ ಲೆಕ್ಕ ಇಡುತ್ತದೆ. ಮನೆಗೆ ಹಾಕುವುದು 30 ಮಿಲಿ ಆಂಪಿಯರಿನದು, ಅಷ್ಟು ವ್ಯತ್ಯಾಸ ಬಂದರೆ ಬೀಳುತ್ತದೆ. ಅರ್ಥ್ ಮೂಲಕ 60 ವ್ಯಾಟಿನ ಒಂದು ಬಲ್ಬು ಉರಿಸಿದರೂ 260 ಮಿಲಿ ಆಂಪಿಯರ್ ಆಗುತ್ತದೆ, ಪಟ್ ಅಂತ ಬೀಳುತ್ತದೆ. ಆಗ ಅಂಥ ಎಲೆಕ್ಟ್ರಿಷಿಯನ್ ಹೇಳುವ ಮುಂದಿನ ಮಾತು, "ಈ ಆರ್‌ಸಿಸಿಬಿ ವೀಕು, ತೆಗೆದುಬಿಡೋಣ" ಅಂತ. ಅಲ್ಲಿಗೆ ಅವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ. ಆರ್‌ಸಿಸಿಬಿಯೇ ಇಲ್ಲದ ಮನೆಯಾದರೆ, ಈ ರಿಪೇರಿ ಜೊತೆಗೇ ಒಂದು ಹಾಕಿಸಿ.

ಅಂದ ಹಾಗೆ, ಯುಪಿಎಸ್ ಲೈನಿನಿಂದಲೋ ಲೈಟಿನ ಸರ್ಕ್ಯೂಟಿನಿಂದಲೋ ನ್ಯೂಟ್ರಲ್ ಸಾಲ ತರುವ ಇನ್ನೊಂದು ಅಭ್ಯಾಸವಿದೆ. ಅರ್ಥ್‌ನಷ್ಟು ಕೆಟ್ಟದ್ದಲ್ಲ, ಆದರೂ ಬೇಡ. ಒಂದು ಸರ್ಕ್ಯೂಟಿನ ಎಂಸಿಬಿ ಇಳಿಸಿ ನಂಬಿ ಕೈ ಹಾಕಿದವರಿಗೆ ಇನ್ನೊಂದರ ಕರೆಂಟು ಹೊಡೆಯುತ್ತದೆ.

ಎರಡೂ ಡಬ್ಬ ಬಿಚ್ಚಿದರೂ ಏನೂ ಸಿಗದಿದ್ದರೆ? ಮೇನ್ ಮತ್ತು ಯುಪಿಎಸ್ ಆಫ್ ಇರುವಾಗಲೇ, ಉದ್ದ ವೈರೊಂದನ್ನು ಡಿಬಿಯ ನ್ಯೂಟ್ರಲ್ ಪಟ್ಟಿಗೆ ಕಟ್ಟಿಕೊಂಡು, ಮಲ್ಟಿಮೀಟರನ್ನು ಬೀಪ್ ಬರುವ ಸೆಟ್ಟಿಂಗಿನಲ್ಲಿಟ್ಟು ಒಂದೊಂದೇ ಸಾಕೆಟ್ಟಿನ ನ್ಯೂಟ್ರಲ್ ಟರ್ಮಿನಲ್ಲಿಗೆ ಮುಟ್ಟಿಸುತ್ತಾ ಬನ್ನಿ. ಬೀಪ್ ಎಲ್ಲಿ ನಿಲ್ಲುತ್ತದೋ ಅದರ ಹಿಂದಿನ ತುಂಡು ಕಡಿದಿದೆ. ಮೇಲೆ ಸೀಲಿಂಗ್ ಹತ್ತಿರ ಮುಚ್ಚಿದ ಜಂಕ್ಷನ್ ಡಬ್ಬಗಳಿದ್ದರೆ ಅವನ್ನೂ ನೋಡಬೇಕು, ಪೇಂಟ್ ಹೊಡೆದು ಮುಚ್ಚಿಹೋಗಿರುತ್ತವೆ. ಪೈಪಿನ ಒಳಗೇ ಕಡಿದಿದ್ದರೂ ಸಾಮಾನ್ಯವಾಗಿ ಗೋಡೆ ಒಡೆಯಬೇಕಿಲ್ಲ. ಹಳೆಯ ವೈರಿನ ತುದಿಗೆ ಹೊಸದನ್ನು ಕಟ್ಟಿ ಎಳೆದರೆ, ಇಲ್ಲವೇ ವೈರು ಎಳೆಯುವ ಸ್ಪ್ರಿಂಗ್ ಒಳಗೆ ಬಿಟ್ಟರೆ ಅದೇ ಪೈಪಿನಲ್ಲಿ ಬರುತ್ತದೆ. ಪೈಪು ಜಜ್ಜಿಹೋಗಿದ್ದರೆ, ಇಲಿ ಕಡಿದು ಒಳಗೆ ಸೇರಿಕೊಂಡಿದ್ದರೆ ಮಾತ್ರ ಬೇರೆ ದಾರಿ ನೋಡಬೇಕು, ಆಗಲೂ ಗೋಡೆ ಮೇಲೆ ಪಟ್ಟಿ ಹೊಡೆದು ವೈರು ತರಬಹುದು.

ಇದನ್ನು ಓದುವ ಬೇರೆಯವರಿಗೆ ಬೇರೆ ಲಕ್ಷಣ ಇರಬಹುದು, ಅವರಿಗೆ ನಾಲ್ಕು ಮಾತು. ಟೆಸ್ಟರ್ ಯಾವ ತೂತಿನಲ್ಲೂ ಉರಿಯದಿದ್ದರೆ ಫೇಸ್ ಬರುತ್ತಿಲ್ಲ. ಎಂಸಿಬಿಯನ್ನು ಮೊದಲು ಪೂರ್ತಿ ಕೆಳಗೆ ಒತ್ತಿ ಆಮೇಲೆ ಮೇಲೆತ್ತಿ ನೋಡಿ, ಕೆಲವು ಸಲ ನಡುವೆ ನಿಂತು ಆನ್ ಇದ್ದ ಹಾಗೆ ಕಾಣುತ್ತದೆ. ಒಂದೇ ಪಾಯಿಂಟು ಸತ್ತಿದ್ದರೆ ಅದರ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟು ಸುಟ್ಟಿರುತ್ತದೆ, ಅಥವಾ ಇರುವೆ ಗೂಡು ಮಾಡಿರುತ್ತದೆ. ಬಳಸದ ಸಾಕೆಟ್ಟಿನ ತೂತಿಗೆ ಕಣಜ ಮಣ್ಣು ಮೆತ್ತಿ ಮರಿ ಇಟ್ಟಿರುವುದನ್ನು ಕರಾವಳಿ, ಮಲೆನಾಡಿನವರು ನೋಡಿಯೇ ಇರುತ್ತೀರಿ. ಮೇನ್ ಆಫ್ ಮಾಡದೆ ಕಡ್ಡಿ ಹಾಕಿ ಕೆದಕಬೇಡಿ. ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುತ್ತಿದ್ದರೆ ಎಲ್ಲಾ ಪ್ಲಗ್ಗು ಕಿತ್ತು ಒಂದೊಂದೇ ಹಾಕುತ್ತಾ ಬನ್ನಿ, ಯಾವುದು ಹಾಕಿದಾಗ ಬೀಳುತ್ತದೋ ಅದು ಕಳ್ಳ. ಏನೂ ಹಾಕದಿದ್ದರೂ ಬಿದ್ದರೆ ಗೋಡೆಯ ಥಂಡಿ ಯಾವುದೋ ಡಬ್ಬಕ್ಕೆ ಇಳಿದಿರಬಹುದು. ತ್ರೀ ಫೇಸ್ ಕನೆಕ್ಷನ್ ಇದ್ದು ಅರ್ಧ ಮನೆಗೆ ಲೈಟೂ ಇಲ್ಲ, ಪ್ಲಗ್ಗೂ ಇಲ್ಲ ಅಂದರೆ ಹೊರಗೇ ಒಂದು ಫೇಸ್ ಹೋಗಿರಬಹುದು, 1912ಕ್ಕೆ ಫೋನ್ ಮಾಡಿ.

ಅದೇ ತ್ರೀ ಫೇಸ್ ಮನೆಯಲ್ಲಿ ಒಂದು ಕೋಣೆಯ ಬಲ್ಬು ಮಂಕಾಗಿ ಇನ್ನೊಂದು ಕೋಣೆಯದು ಕಣ್ಣು ಕುಕ್ಕುವ ಹಾಗೆ ಉರಿದರೆ ಯಾವ ಟೆಸ್ಟರೂ ಹುಡುಕಬೇಡಿ. ಓಡಿ ಹೋಗಿ ಮೇನ್ ಇಳಿಸಿ. ಮನೆಯ ಮುಖ್ಯ ನ್ಯೂಟ್ರಲ್ಲೇ ಬಿಟ್ಟಿದೆ. 230ರ ಜಾಗದಲ್ಲಿ 400 ವೋಲ್ಟಿನ ಹತ್ತಿರ ಬಂದು ಟಿವಿ, ಫ್ರಿಜ್ಜು ಎಲ್ಲಾ ಒಂದೇ ಏಟಿಗೆ ಹೋಗುತ್ತವೆ. ಲೈನ್‌ಮ್ಯಾನ್ ಬರುವವರೆಗೆ ಕತ್ತಲಲ್ಲೇ ಇರಿ.

ನಿಮ್ಮ ವಿಷಯಕ್ಕೆ ಬಂದರೆ, ಮೊದಲು ಆ ಬದುಕಿರುವ ಪಾಯಿಂಟು ಯಾವುದು ಅಂತ ಹುಡುಕಿ. ರಿಪೇರಿ ಆದ ಮೇಲೆ ಆ ಕಾಗದ ಬಿಸಾಡಬೇಡಿ, ಡಿಬಿ ಬಾಗಿಲಿನ ಒಳಗೆ ಅಂಟಿಸಿಡಿ. ಯಾವ ಪಾಯಿಂಟಿನಿಂದ ಯಾವುದಕ್ಕೆ ಲೂಪ್ ಹೋಗಿದೆ ಅಂತ ಎಲೆಕ್ಟ್ರಿಷಿಯನ್ ಕೈಯಲ್ಲೇ ಅದರ ಮೇಲೆ ಬಾಣ ಹಾಕಿಸಿಕೊಳ್ಳಿ, ಬೋರ್ಡು ಮುಚ್ಚುವ ಮೊದಲೇ.